ಕ್ನೋಡೆಲ್ ನೀರಲ್ಲಿ ಕರಗಿ ಗಂಜಿಯಾಗುವುದು ಯಾಕೆ?

ಪ್ರಶ್ನೆ: “ನಮಸ್ಕಾರ ಸರ್. ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರೊಂದರಲ್ಲಿ ಮೂರು ವರ್ಷದಿಂದ ಇದ್ದೇವೆ. ಮಾಂಸ ತಿನ್ನುವುದಿಲ್ಲ, ಮೊಟ್ಟೆ ತಿನ್ನುತ್ತೇವೆ. ಮನೆ ಓನರ್ ಅಜ್ಜಿ ಜರ್ಮನಿಯದೇ ತುರಿಂಗಿಯಾ ರಾಜ್ಯದ ಕಡೆಯವರು. ಅವರು ಕೊಟ್ಟ ಆಲೂಗಡ್ಡೆ ಕ್ನೋಡೆಲ್ (ನೀರಲ್ಲಿ ಬೇಯಿಸುವ ಇಲ್ಲಿನ ಉಂಡೆ) ಮತ್ತು ಅಣಬೆ ಸಾಸ್ ತಿಂದಾಗಿನಿಂದ ಭಾನುವಾರ ಬಂದರೆ ಮಗಳು ಅದನ್ನೇ ಕೇಳುತ್ತಾಳೆ. ನಾನು ನಾಲ್ಕು ಸಲ ಮಾಡಿದೆ. ಆಲೂಗಡ್ಡೆ ಸಿಪ್ಪೆ ತೆಗೆದು, ಹೆಚ್ಚಿ, ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಮೊಟ್ಟೆ, ಮೈದಾ ಹಾಕಿ ಉಂಡೆ ಕಟ್ಟಿದೆ. ಕುದಿಯುವ ನೀರಿಗೆ ಬಿಟ್ಟ ಐದೇ ನಿಮಿಷಕ್ಕೆ ಎಲ್ಲ ಬಿಚ್ಚಿಕೊಂಡು ಗಂಜಿಯಾಯಿತು. ಮುಂದಿನ ಸಲ ಮೈದಾ ಜಾಸ್ತಿ ಹಾಕಿದೆ. ಉಂಡೆ ಉಳಿಯಿತು, ಆದರೆ ರಬ್ಬರ್ ಚೆಂಡಿನಂತಾಯಿತು. ಕೊನೆಯ ಸಲ ಅಜ್ಜಿಯನ್ನೇ ಊಟಕ್ಕೆ ಕರೆದಿದ್ದೆ. ತಡವಾಗಬಾರದು ಅಂತ ಬೆಳಿಗ್ಗೆಯೇ ಕಲಸಿಟ್ಟೆ. ಮಧ್ಯಾಹ್ನ ನೋಡಿದರೆ ಹಿಟ್ಟು ದೋಸೆ ಹಿಟ್ಟಿನಷ್ಟು ತೆಳ್ಳಗಾಗಿತ್ತು. ಡಿಸೆಂಬರಿನಲ್ಲಿ ಅತ್ತೆ ಬರುತ್ತಾರೆ, ಅವರು ಮೊಟ್ಟೆ ಮುಟ್ಟುವುದಿಲ್ಲ. ಮೊಟ್ಟೆ ಇಲ್ಲದೆ ಇದನ್ನು ಮಾಡಬಹುದಾ? ಪ್ಯಾಕೆಟ್ ತಂದುಬಿಡಲಾ? ಇಲ್ಲ, ನನ್ನ ಕೈಗುಣವೇ ಸರಿಯಿಲ್ಲವಾ?”

ಉತ್ತರ: ಕೈಗುಣದ ಮಾತು ಮೊದಲು ಬಿಡಿ. ನೀವು ಮಾಡಿದ್ದನ್ನೆಲ್ಲ ಬಿಡಿಸಿ ಬರೆದಿದ್ದೀರಿ. ಅದರಿಂದ ಒಳ್ಳೆಯದಾಯಿತು, ತಪ್ಪಿದ್ದೆಲ್ಲಿ ಅಂತ ಒಂದೊಂದಾಗಿ ಕಾಣುತ್ತಿದೆ. ಅದೆಲ್ಲ ನಮ್ಮೂರಿನ ಆಲೂಗಡ್ಡೆ ಪಲ್ಯಕ್ಕೆ ಸರಿಯಾದ ಕ್ರಮವೇ. ಪಲ್ಯಕ್ಕೆ, ಬೋಂಡಾಕ್ಕೆ ಆಲೂ ಸ್ವಲ್ಪ ನೀರು ಕುಡಿದರೂ ನಡೆಯುತ್ತದೆ. ಕ್ನೋಡೆಲ್‌ಗೆ ನಡೆಯುವುದಿಲ್ಲ. ನಾನು ಹಾಸನ ಜಿಲ್ಲೆಯವನು, ಆಲೂಗಡ್ಡೆ ಹೊಲದ ನಡುವೆ ಬೆಳೆದವನು. ಆಮೇಲೆ ನ್ಯೂರೆಂಬರ್ಗ್ ಸುತ್ತಮುತ್ತಲಿನ ಅಡುಗೆಮನೆಗಳಲ್ಲಿ ಹದಿನಾಲ್ಕು ವರ್ಷ ಭಾನುವಾರ ಭಾನುವಾರ ಇದನ್ನೇ ಕಟ್ಟಿದ್ದೇನೆ. ನೀವು ಹೇಳಿದ ಗಂಜಿಯನ್ನು ನಾನೂ ನೋಡಿದ್ದೇನೆ.

ಮೊದಲ ವರ್ಷದ ಮಾತು. ಮೂಟೆಯಲ್ಲಿ ಬಂದ ಆಲೂ ಯಾವ ಜಾತಿಯದು ಅಂತ ನಾನು ನೋಡಲಿಲ್ಲ. ನಲವತ್ತು ಉಂಡೆ ಒಟ್ಟಿಗೆ ನೀರಿಗೆ ಬಿಟ್ಟೆ. ಕಾಲು ಗಂಟೆಯಲ್ಲಿ ಪಾತ್ರೆಯಲ್ಲಿ ಬಿಳಿ ನೊರೆ, ತಳದಲ್ಲಿ ಗಸಿ, ಅಷ್ಟೇ ಉಳಿದಿದ್ದು. ದೊಡ್ಡ ಅಡುಗೆಯವರು ಬೈಯಲಿಲ್ಲ. ಇನ್ನೊಂದು ಮೂಟೆ ತೆಗೆಸಿ, ಒಂದೇ ಒಂದು ಉಂಡೆ ಕಟ್ಟಿ ನೀರಿಗೆ ಬಿಟ್ಟು, ಅದು ಬೇಯುವ ತನಕ ನನ್ನನ್ನು ಒಲೆ ಮುಂದೆ ನಿಲ್ಲಿಸಿದರು. ಇಲ್ಲಿ ಇದಕ್ಕೆ ಪ್ರೋಬೆಕ್ಲೋಸ್ ಅನ್ನುತ್ತಾರೆ, ಅಂದರೆ ಪರೀಕ್ಷೆಯ ಉಂಡೆ. ನಿಮ್ಮ ಪತ್ರದಲ್ಲಿ ಇದರ ಮಾತೇ ಇಲ್ಲ. ಮುಂದಿನ ಸಲ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಈಗ ಮೂಲ ವಿಷಯ. ಉಂಡೆಯನ್ನು ಹಿಡಿದಿಡುವುದು ಮೊಟ್ಟೆ, ಮೈದಾ ಅಂತ ತುಂಬಾ ಜನ ನಂಬಿದ್ದಾರೆ. ನಿಜವಾಗಿ ಹಿಡಿದಿಡುವುದು ಆಲೂಗಡ್ಡೆಯದೇ ಪಿಷ್ಟ. ಪಿಷ್ಟ ಅಂದರೆ ಸಣ್ಣ ಸಣ್ಣ ಕಾಳಿನಂಥ ವಸ್ತು. ತಣ್ಣೀರಿನಲ್ಲಿ ಅದು ಸುಮ್ನೆ ತಳಕ್ಕೆ ಕೂರುತ್ತದೆ. ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೀರು ಕುಡಿದು ಉಬ್ಬಿ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ರಾಗಿ ಹಾಲುಬಾಯಿ ಮಾಡಿದವರಿಗೆ ಇದು ಗೊತ್ತು. ತೆಳ್ಳಗಿದ್ದ ಹಾಲು ಒಲೆ ಮೇಲೆ ಒಂದು ಹಂತಕ್ಕೆ ಬಂದಾಗ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಹೊಳೆಯುತ್ತದಲ್ವಾ? ಕ್ನೋಡೆಲ್ ಒಳಗೆ ನಡೆಯುವುದೂ ಅದೇ. ಆ ಪಿಷ್ಟ ಸಾಕಷ್ಟು ಇರಬೇಕು, ಉಂಡೆಯಲ್ಲಿ ನೀರು ಜಾಸ್ತಿ ಇರಬಾರದು, ಬಿಸಿ ಸರಿಯಾಗಿ ತಾಗಬೇಕು. ನಿಮ್ಮ ಉಂಡೆಗೆ ಮೂರೂ ತಪ್ಪಿವೆ.

ಆಲೂಗಡ್ಡೆಯಿಂದ ಶುರು ಮಾಡೋಣ. ಜರ್ಮನಿಯ ಅಂಗಡಿಗಳಲ್ಲಿ ಆಲೂ ಚೀಲದ ಮೇಲೆ ಮೂರರಲ್ಲಿ ಒಂದು ಮಾತು ಇರುತ್ತದೆ. ಫೆಸ್ಟ್‌ಕೊಖೆಂಡ್ ಅಂದರೆ ಬೆಂದರೂ ಗಟ್ಟಿಯಾಗಿ ನಿಲ್ಲುವುದು, ಆಲೂ ಸಲಾಡಿಗೆ ಒಳ್ಳೆಯದು. ಫೋರ್‌ವೀಗೆಂಡ್ ಫೆಸ್ಟ್‌ಕೊಖೆಂಡ್ ನಡುವಿನದು. ಮೇಲಿಶ್‌ಕೊಖೆಂಡ್ ಅಂದರೆ ಬೆಂದಾಗ ಹಿಟ್ಟುಹಿಟ್ಟಾಗಿ ಒಡೆಯುವುದು. ನಿಮಗೆ ಬೇಕಾದ್ದು ಈ ಕೊನೆಯದು. ಸಾಮಾನ್ಯವಾಗಿ ಚೀಲದ ಪಟ್ಟಿ ಮೊದಲನೆಯದಕ್ಕೆ ಹಸಿರು, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ನೀಲಿ. ಆದರೂ ಬಣ್ಣ ನಂಬಿ ತರಬೇಡಿ, ಹೆಸರು ಓದಿ. ಸಂತೆಯಲ್ಲಿ ಕೊಳ್ಳುವುದಾದರೆ ಆಡ್ರೆಟ್ಟಾ, ಅಫ್ರಾ, ಗುಂಡಾ ಇದೆಯಾ ಅಂತ ಕೇಳಿ. ಲಿಂಡಾ, ಸೀಗ್ಲಿಂಡೆ, ಅನಾಬೆಲ್ ರುಚಿಯಾದ ಆಲೂಗಳೇ, ಆದರೆ ಕ್ನೋಡೆಲ್‌ಗೆ ಆಗಿಬರುವುದಿಲ್ಲ. ಬೇಸಿಗೆ ಶುರುವಿನಲ್ಲಿ ಬರುವ ಎಳೆ ಆಲೂ ಕೂಡ ಬೇಡ. ಅದರಲ್ಲಿ ನೀರು ಜಾಸ್ತಿ, ಪಿಷ್ಟ ಕಡಿಮೆ. ಅಕ್ಟೋಬರಿನಿಂದ ಸಿಗುವ ಬಲಿತ ಆಲೂ ಇದಕ್ಕೆ ಹೇಳಿ ಮಾಡಿಸಿದ್ದು. ನಿಮ್ಮ ಅತ್ತೆ ಡಿಸೆಂಬರಿನಲ್ಲಿ ಬರುವುದು ಒಳ್ಳೆಯದೇ ಆಯಿತು.

ಇನ್ನು ಕುಕ್ಕರ್. ಆಲೂಗಡ್ಡೆಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಸಿಪ್ಪೆ ತೆಗೆದು ಹೆಚ್ಚಿ ನೀರಲ್ಲಿ ಬೇಯಿಸಿದರೆ ಇನ್ನಷ್ಟು ನೀರು ಸೇರುತ್ತದೆ, ಪಿಷ್ಟ ನೀರಿಗೆ ಬಿಡುತ್ತದೆ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ. ಕುಕ್ಕರೇ ಅನುಕೂಲ ಅಂದರೆ ತಳದಲ್ಲಿ ನೀರು, ಮೇಲೆ ಡಬ್ಬಿಯಲ್ಲಿ ಆಲೂ, ಡಬ್ಬಿಗೆ ನೀರು ಹಾಕಬೇಡಿ. ಬೆಂದ ಮೇಲೆ ಬಿಸಿಯಿರುವಾಗಲೇ ಸಿಪ್ಪೆ ತೆಗೆದು, ತಟ್ಟೆಯಲ್ಲಿ ಹರಡಿ ಐದು ನಿಮಿಷ ಬಿಡಿ. ಹಬೆ ಹೋಗುತ್ತಾ ಹೋದಂತೆ ಮೇಲೆ ತೆಳುವಾದ ಬಿಳಿ ಪುಡಿಯಂಥ ಪದರ ಕಾಣುತ್ತದೆ. ಅದು ಕಂಡರೆ ಆಲೂ ಒಣಗಿದೆ ಅಂತ ಅರ್ಥ.

ಮಿಕ್ಸಿಯನ್ನಂತೂ ಇದಕ್ಕೆ ಮುಟ್ಟಲೇಬೇಡಿ. ಬೆಂದ ಆಲೂ ಒಳಗೆ ಉಬ್ಬಿದ ಪಿಷ್ಟ ಸಣ್ಣ ಚೀಲಗಳಲ್ಲಿ ತುಂಬಿಕೊಂಡಿರುತ್ತದೆ. ಬ್ಲೇಡು ಆ ಚೀಲಗಳನ್ನೆಲ್ಲ ಹರಿದುಬಿಡುತ್ತದೆ. ಆಗ ಸಿಗುವುದು ಗೋಂದು. ಆ ಗೋಂದಿಗೆ ಎಷ್ಟು ಹಿಟ್ಟು ಸುರಿದರೂ ಕೈಗೆ ಅಂಟುವುದು ನಿಲ್ಲುವುದಿಲ್ಲ, ಅದಕ್ಕೇ ನೀವು ಮೈದಾ ಹಾಕುತ್ತಾ ಹೋದಿರಿ. ಇಲ್ಲಿಯವರು ಒತ್ತುವ ಪ್ರೆಸ್ ಬಳಸುತ್ತಾರೆ. ಅದಿಲ್ಲದಿದ್ದರೆ ನಿಮ್ಮ ಚಕ್ಕುಲಿ ಒರಳಿಗೆ ಸೇವೆಯ ಬಿಲ್ಲೆ ಹಾಕಿ, ಬಿಸಿ ಆಲೂ ತುಂಬಿ ಒತ್ತಿ. ಎಳೆ ಎಳೆಯಾಗಿ, ಗಂಟಿಲ್ಲದೆ ಬೀಳುತ್ತದೆ. ನಾನು ಮನೆಯಲ್ಲಿ ಮಾಡುವುದೇ ಹಾಗೆ. ಊರಿಂದ ತಂದ ಒರಳು ಇದಕ್ಕೂ ಆಗುತ್ತದೆ, ಸ್ಟುಟ್‌ಗಾರ್ಟ್ ಕಡೆಯ ಶ್ಪೆಟ್ಸ್ಲೆ ಅನ್ನುವ ಹಿಟ್ಟಿನ ಎಳೆಗಳಿಗೂ ಆಗುತ್ತದೆ.

ಮೈದಾ ಯಾಕೆ ರಬ್ಬರ್ ಮಾಡಿತು ಅಂತಲೂ ಹೇಳಿಬಿಡುತ್ತೇನೆ. ಗೋಧಿ ಹಿಟ್ಟು ಒದ್ದೆಯಾಗಿ, ಕೈ ನಾದುತ್ತಾ ಹೋದರೆ ಅಂಟು ಹುಟ್ಟುತ್ತದೆ. ಚಪಾತಿಗೆ, ಬ್ರೆಡ್ಡಿಗೆ ಅದು ಬೇಕು. ಇಲ್ಲಿ ಬೇಡ. ಆಲೂ ಪಿಷ್ಟದಲ್ಲಿ ಆ ಅಂಟು ಇಲ್ಲ, ಅದಕ್ಕೇ ಅದರ ಉಂಡೆ ಮೆತ್ತಗಿದ್ದೂ ಗಟ್ಟಿ ನಿಲ್ಲುತ್ತದೆ. ಅಂಗಡಿಯಲ್ಲಿ ಕಾರ್ಟೋಫೆಲ್‌ಸ್ಟೆರ್ಕೆ ಅಥವಾ ಕಾರ್ಟೋಫೆಲ್‌ಮೇಲ್ ಅಂತ ಕೇಳಿ, ಎರಡೂ ಒಂದೇ. ಬರೀ ಸ್ಪೈಸೆಸ್ಟೆರ್ಕೆ ಅಂತ ಬರೆದಿದ್ದರೆ ಅದು ಹೆಚ್ಚಾಗಿ ಜೋಳದ ಪಿಷ್ಟ, ನಮ್ಮ ಕಾರ್ನ್‌ಫ್ಲೋರ್. ಅದರಿಂದಲೂ ಉಂಡೆ ನಿಲ್ಲುತ್ತದೆ, ಆದರೆ ಈ ಹೊಳಪು, ಈ ನಯ ಬರುವುದಿಲ್ಲ.

ಈಗ ನೀರು. ‘ಚೆನ್ನಾಗಿ ಕುದಿಯುವ ನೀರಿಗೆ ಹಾಕಬೇಕು’ ಅನ್ನುವುದು ಅರ್ಧ ಸತ್ಯ. ಉಂಡೆ ಬಿದ್ದ ಮೊದಲ ಕೆಲವು ನಿಮಿಷ ಅದರ ಹೊರಗಿನ ಪಿಷ್ಟ ಬೆಂದು ಚರ್ಮದ ಹಾಗೆ ಕಟ್ಟಿಕೊಳ್ಳಬೇಕು. ಕೊತಕೊತ ಕುದಿಯುವ ನೀರಿನ ಗುಳ್ಳೆಗಳು ಆ ಚರ್ಮ ಕಟ್ಟುವ ಮೊದಲೇ ಬಡಿದು ಒಡೆಯುತ್ತವೆ. ನೀರು ಸಾಕಷ್ಟು ಬಿಸಿಯಿಲ್ಲದಿದ್ದರೂ ಕಷ್ಟ, ಹೊರಗಿನ ಪಿಷ್ಟ ಬೇಯುವ ಮೊದಲೇ ತೊಳೆದುಹೋಗುತ್ತದೆ. ಅಗಲ ಪಾತ್ರೆಯಲ್ಲಿ ಉಪ್ಪು ನೀರು ಕುದಿಸಿ, ಉರಿ ತಗ್ಗಿಸಿ, ನೀರಿನ ಮೇಲ್ಮೈ ಸುಮ್ನೆ ನಡುಗುವಂತಿದ್ದಾಗ ಉಂಡೆ ಬಿಡಿ. ಒಂದೇ ಸಲ ಹತ್ತು ಬಿಟ್ಟರೆ ನೀರು ತಣ್ಣಗಾಗುತ್ತದೆ. ಐದಾರು ಸಾಕು. ಮುಚ್ಚಳ ಪೂರ್ತಿ ಮುಚ್ಚಬೇಡಿ, ನೀವು ನೋಡದಿರುವಾಗ ಕುದಿ ಏರಿಬಿಡುತ್ತದೆ. ಒಂದು ಚಮಚ ಆಲೂ ಪಿಷ್ಟವನ್ನು ತಣ್ಣೀರಲ್ಲಿ ಕದಡಿ ಆ ನೀರಿಗೆ ಮೊದಲೇ ಸೇರಿಸಿದರೆ ಉಂಡೆಗೆ ಇನ್ನಷ್ಟು ಭದ್ರ. ನನ್ನ ಅನುಭವದಲ್ಲಿ ಇದು ತುಂಬಾ ಸಹಾಯ ಮಾಡುತ್ತದೆ.

ಬೆಳಿಗ್ಗೆ ಕಲಸಿಟ್ಟಿದ್ದು ತೆಳ್ಳಗಾಗಿದ್ದಕ್ಕೆ ಉಪ್ಪು ಕಾರಣ. ಉಪ್ಪು ಬಿದ್ದ ಆಲೂ ನೀರು ಬಿಡುತ್ತಲೇ ಇರುತ್ತದೆ. ಹಿಟ್ಟು ಕಲಸಿದ ಕೂಡಲೇ ಉಂಡೆ ಕಟ್ಟಿ, ಕಟ್ಟಿದ ಕೂಡಲೇ ಬೇಯಿಸಬೇಕು. ಮುಂಚೆ ಮಾಡಿಟ್ಟುಕೊಳ್ಳುವುದೇ ಆದರೆ ಆಲೂ ಬೇಯಿಸಿ ಒತ್ತಿಡಿ, ಅಷ್ಟಕ್ಕೆ ನಿಲ್ಲಿಸಿ.

ಇನ್ನು ಯಾವ ದಾರಿ ಹಿಡಿಯಬೇಕು ಅಂತ ನೋಡೋಣ. ನಿಮಗೆ ಮೊದಲು ನಾನು ಹೇಳುವುದು ಬೇಯಿಸಿದ ಆಲೂವಿನ ಕ್ನೋಡೆಲ್. ಒಂದು ಕಿಲೋ ಮೇಲಿಶ್ ಆಲೂ ಬೇಯಿಸಿ, ಒತ್ತಿ, ಆರಲು ಬಿಡಿ. ಬಟ್ಟಲಿನಲ್ಲಿ ಸಮತಟ್ಟಾಗಿ ಹರಡಿ ಚಾಕುವಿನಿಂದ ನಾಲ್ಕು ಭಾಗ ಗುರುತು ಮಾಡಿ. ಒಂದು ಕಾಲು ಭಾಗ ಎತ್ತಿ ಉಳಿದದ್ದರ ಮೇಲೆ ಇಡಿ. ಖಾಲಿಯಾದ ಆ ಕಾಲು ಭಾಗಕ್ಕೆ ಸಮಮಟ್ಟಕ್ಕೆ ಆಲೂ ಪಿಷ್ಟ ತುಂಬಿ. ತಕ್ಕಡಿ ಬೇಡ, ಅಳತೆ ಇದೇ. ಉಪ್ಪು, ಚಿಟಿಕೆ ಜಾಯಿಕಾಯಿ ತುರಿ, ಬೇಕಿದ್ದರೆ ಒಂದು ಮೊಟ್ಟೆ. ನಾದಬೇಡಿ, ಒಟ್ಟುಗೂಡಿಸಿ ಅಷ್ಟೇ. ಮುದ್ದೆ ಕಟ್ಟುವಾಗ ಮಾಡುವ ಹಾಗೆ ಕೈ ಒದ್ದೆ ಮಾಡಿಕೊಂಡು ಉಂಡೆ ಮಾಡಿ, ಬಿರುಕು ಉಳಿಯಬಾರದು. ಇಪ್ಪತ್ತು ನಿಮಿಷ ನೀರಲ್ಲಿ ಬಿಡಿ. ಉಂಡೆ ತೇಲಿದ ಕೂಡಲೇ ತೆಗೆಯಬೇಡಿ, ಒಳಗೆ ಇನ್ನೂ ಬೇಯುತ್ತಿರುತ್ತದೆ. ಮೊಟ್ಟೆ ಬಿಟ್ಟರೂ ಇದು ನಿಲ್ಲುತ್ತದೆ, ಪರೀಕ್ಷೆಯ ಉಂಡೆ ಸಡಿಲ ಅನಿಸಿದರೆ ಇನ್ನೊಂದೆರಡು ಚಮಚ ಪಿಷ್ಟ ಸೇರಿಸಿ. ಇದರಲ್ಲಿರುವ ಅಪಾಯ ಒಂದೇ: ಪಿಷ್ಟ ಅತಿಯಾದರೆ ಉಂಡೆ ಜಾರುಜಾರಾಗಿ, ಜೆಲ್ಲಿಯಂತಾಗುತ್ತದೆ.

ನಿಮ್ಮ ಅಜ್ಜಿ ಕೊಟ್ಟದ್ದು ಇದಲ್ಲ ಅಂತ ನನಗೆ ಅನಿಸುತ್ತದೆ. ತುರಿಂಗಿಯಾದವರು ಕ್ನೋಡೆಲ್ ಅನ್ನುವುದೂ ಕಡಿಮೆ, ಕ್ಲೋಸೆ ಅನ್ನುತ್ತಾರೆ. ಅವರದರಲ್ಲಿ ಮೂರನೇ ಎರಡು ಪಾಲು ಹಸಿ ಆಲೂ, ಒಂದು ಪಾಲು ಬೆಂದದ್ದು. ಮೊಟ್ಟೆಯೂ ಇಲ್ಲ, ಗೋಧಿ ಹಿಟ್ಟೂ ಇಲ್ಲ! ಅತ್ತೆಗೋಸ್ಕರ ಏನನ್ನೂ ಬದಲಿಸಬೇಕಾಗಿಲ್ಲ, ಅದರ ಮೂಲವೇ ಹಾಗೆ. ಗುಡ್ಡಗಾಡಿನ ಬಡ ಮನೆಗಳಲ್ಲಿ ಇದ್ದದ್ದು ಆಲೂ. ಆ ಆಲೂ ಕೂಡ ಇಲ್ಲಿ ಅನಾದಿ ಕಾಲದ್ದಲ್ಲ. ಪಕ್ಕದ ಪ್ರಶ್ಯಾದಲ್ಲಿ ದೊರೆ ಎರಡನೇ ಫ್ರೆಡ್ರಿಕ್ 1756ರಲ್ಲಿ ಆಲೂ ಬೆಳೆಸಿ ಅಂತ ಅಧಿಕಾರಿಗಳಿಗೆ ಆಜ್ಞೆಯನ್ನೇ ಹೊರಡಿಸಬೇಕಾಯಿತು.

ಇದನ್ನು ಮಾಡುವುದು ಕಷ್ಟ, ಆದರೆ ನೋಡಲು ಎಷ್ಟು ಚೆಂದ. ಒಂದು ಕಿಲೋ ಹಸಿ ಆಲೂ ಸಿಪ್ಪೆ ತೆಗೆದು ತಣ್ಣೀರಿನ ಬಟ್ಟಲಿಗೆ ಸಣ್ಣಗೆ ತುರಿಯಿರಿ. ನೀರಿಗೆ ಸ್ವಲ್ಪ ನಿಂಬೆರಸ ಹಿಂಡಿದ್ದರೆ ಬೇಗ ಕಪ್ಪಾಗುವುದಿಲ್ಲ. ತುರಿಯನ್ನು ಗಟ್ಟಿ ಹತ್ತಿ ಬಟ್ಟೆಗೆ ಹಾಕಿ, ಗಂಟು ಕಟ್ಟಿ, ತಿರುಚಿ ತಿರುಚಿ ಹಿಂಡಿ. ನೀರು ಮೊದಲು ಧಾರೆಯಾಗಿ ಬರುತ್ತದೆ, ಆಮೇಲೆ ಹನಿಹನಿ. ಇನ್ನು ಬರುವುದಿಲ್ಲ ಅನಿಸಿದ ಮೇಲೆ ಇನ್ನೊಮ್ಮೆ ಹಿಂಡಿ. ಬಿಚ್ಚಿದಾಗ ಒಳಗಿನದು ಹಾಲು ಹಿಂಡಿದ ತೆಂಗಿನ ತುರಿಯ ಹಾಗೆ ಉದುರುದುರಾಗಿರಬೇಕು. ಹಿಂಡಿದ ನೀರನ್ನು ಚೆಲ್ಲಬೇಡಿ. ಕಾಲು ಗಂಟೆ ಅಲುಗಾಡಿಸದೆ ಇಟ್ಟರೆ ಮೇಲಿನ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೆಲ್ಲಗೆ ಬಗ್ಗಿಸಿ. ತಳದಲ್ಲಿ ಸುಣ್ಣದಷ್ಟು ಬೆಳ್ಳಗೆ, ಬೆರಳಿಗೆ ಗಟ್ಟಿಯಾಗಿ ಸಿಗುವ ಪದರ ಕೂತಿರುತ್ತದೆ. ಬೆರಳಿಟ್ಟರೆ ಗಟ್ಟಿ, ಎತ್ತಿದರೆ ಜಾರುತ್ತದೆ. ಅದೇ ಪಿಷ್ಟ. ಕೆರೆದು ತುರಿಗೆ ಸೇರಿಸಿ, ಉಪ್ಪು ಹಾಕಿ. ಅಷ್ಟರಲ್ಲಿ ಅರ್ಧ ಕಿಲೋ ಬೆಂದ ಆಲೂ ಒತ್ತಿ, ಸುಮಾರು ಕಾಲು ಲೀಟರ್ ಹಾಲಿನ ಜೊತೆ ಒಲೆ ಮೇಲೆ ಗಂಜಿಯ ಹದಕ್ಕೆ ಕುದಿಸಿರಬೇಕು. ಅದು ಪುಳಪುಳ ಗುಳ್ಳೆ ಬಿಡುತ್ತಿರುವಾಗಲೇ ಹಸಿ ತುರಿಯ ಮೇಲೆ ಸುರಿದು ಮರದ ಸೌಟಿನಿಂದ ಜೋರಾಗಿ ತಿರುವಿ. ಬಿಸಿ ತಾಗಿದ ಕೂಡಲೇ ಹಸಿ ಪಿಷ್ಟ ಅರ್ಧ ಬೆಂದು, ಹಿಟ್ಟು ಬಟ್ಟಲಿನ ಅಂಚು ಬಿಟ್ಟು ಒಂದಾಗುತ್ತದೆ. ಗಂಜಿ ತಣ್ಣಗಾಗಿದ್ದರೆ ಇದು ಆಗುವುದೇ ಇಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ. ಈ ಹಿಟ್ಟು ಕೈ ಸುಡುತ್ತದೆ, ತಣ್ಣೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಳ್ಳಿ. ಒಳಗೆ ತುಪ್ಪದಲ್ಲಿ ಹುರಿದ ಬ್ರೆಡ್ ತುಂಡು ಎರಡು ಮೂರು ಇಟ್ಟು ಉಂಡೆ ಮುಚ್ಚಿ. ಅವರು ಬೆಣ್ಣೆಯಲ್ಲಿ ಹುರಿಯುತ್ತಾರೆ, ತುಪ್ಪವೂ ಚೆನ್ನಾಗಿರುತ್ತದೆ.

ನೀರಿನ ಭಯ ಹೋಗುತ್ತಿಲ್ಲ ಅಂದರೆ ಮೊದಲ ದಾರಿಯ ಉಂಡೆಗಳನ್ನು ಇಡ್ಲಿ ಪಾತ್ರೆಯಲ್ಲಿ, ಎಣ್ಣೆ ಸವರಿದ ತಟ್ಟೆ ಮೇಲೆ ಕಡುಬಿನ ಹಾಗೆ ಹಬೆಯಲ್ಲಿ ಬೇಯಿಸಬಹುದು. ಕರಗುವ ಮಾತೇ ಇಲ್ಲ. ಮೇಲ್ಮೈ ಮಾತ್ರ ಸ್ವಲ್ಪ ಅಂಟಂಟು, ನೀರಲ್ಲಿ ಬೆಂದದ್ದರ ನಯ ಇರುವುದಿಲ್ಲ.

ಪ್ಯಾಕೆಟ್ ಬಗ್ಗೆ ಕೇಳಿದ್ದೀರಿ. ತರುವುದರಲ್ಲಿ ತಪ್ಪೇನಿಲ್ಲ, ಇಲ್ಲಿನ ಎಷ್ಟೋ ಮನೆಗಳಲ್ಲಿ ವಾರದ ದಿನ ಅದೇ ನಡೆಯುತ್ತದೆ. ಪುಡಿಗಿಂತ ಫ್ರಿಜ್ ವಿಭಾಗದಲ್ಲಿ ಸಿಗುವ ಕ್ಲೋಸ್‌ಟೈಗ್ ಅನ್ನುವ ಹಸಿ ಹಿಟ್ಟು ನನಗೆ ಇಷ್ಟ. ಉಂಡೆ ಕಟ್ಟಿ ಬೇಯಿಸುವುದಷ್ಟೇ ಕೆಲಸ. ಆದರೆ ಕೆಲವಕ್ಕೆ ಬಣ್ಣ ಕೆಡದಿರಲಿ ಅಂತ ಸಲ್ಫೈಟ್ ಸೇರಿಸಿರುತ್ತಾರೆ. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ ಹಿಂದೆ ಬರೆದಿದ್ದನ್ನು ಓದಿ ತನ್ನಿ. ಮೊಟ್ಟೆ ಇದೆಯಾ ಅಂತಲೂ ಅಲ್ಲೇ ಗೊತ್ತಾಗುತ್ತದೆ.

ಸಾಸ್ ವಿಷಯದಲ್ಲಿ ಒಂದು ಎಚ್ಚರ. ನ್ಯೂರೆಂಬರ್ಗ್ ಇರುವ ನಮ್ಮ ಫ್ರಾಂಕೋನಿಯಾ ಕಡೆ ಮಕ್ಕಳಿಗೆ ಕ್ಲೋಸ್ ಮಿಟ್ ಸೋಸ್ ಅಂತ ಬರೀ ಉಂಡೆ, ಸಾಸ್ ಕೊಡುತ್ತಾರೆ. ತಟ್ಟೆಯಲ್ಲಿ ಮಾಂಸ ಕಾಣುವುದಿಲ್ಲ, ಆದರೆ ಆ ಸಾಸ್ ಸಾಮಾನ್ಯವಾಗಿ ಹಂದಿ ಮಾಂಸ ಹುರಿದ ರಸದ್ದು. ಹೊರಗೆ ತಿನ್ನುವಾಗ ಮಗಳಿಗೆ ಕೊಡಿಸುವ ಮೊದಲು ಕೇಳಿ. ಮನೆಯಲ್ಲಿ ಅಣಬೆಯದೇ ಮಾಡಿ. ಅಣಬೆಯನ್ನು ಉಪ್ಪು ಹಾಕದೆ, ದೊಡ್ಡ ಉರಿಯಲ್ಲಿ, ಅದು ಬಿಟ್ಟ ನೀರೆಲ್ಲ ಆರಿ ಕಂದು ಬಣ್ಣ ಬರುವ ತನಕ ಹುರಿಯಿರಿ. ಆಮೇಲೆ ಈರುಳ್ಳಿ, ಸ್ವಲ್ಪ ತರಕಾರಿ ಸ್ಟಾಕ್, ಕೊನೆಗೆ ಸಾನೆ ಅನ್ನುವ ಕ್ರೀಮ್. ತರಕಾರಿಯದಕ್ಕೆ ಗೆಮ್ಯೂಸೆಬ್ರ್ಯೂಹೆ ಅನ್ನುತ್ತಾರೆ. ಪಕ್ಕದಲ್ಲೇ ಇರುವ ಫ್ಲೈಶ್‌ಬ್ರ್ಯೂಹೆ ಮಾಂಸದ್ದು, ಡಬ್ಬಿಗಳು ನೋಡಲು ಒಂದೇ ಥರ ಇರುತ್ತವೆ.

ಆಲೂ ಇಡುವುದು ಕತ್ತಲಿರುವ ತಂಪು ಜಾಗದಲ್ಲಿ, ಫ್ರಿಜ್ಜಿನಲ್ಲಲ್ಲ. ತೀರಾ ಚಳಿಗೆ ಪಿಷ್ಟ ಸಕ್ಕರೆಯಾಗಿ ಆಲೂ ಸಿಹಿಯಾಗುತ್ತದೆ. ಬೆಳಕು ಬಿದ್ದು ಹಸಿರಾದದ್ದು, ಕಹಿಯಾದದ್ದು ಎಸೆದುಬಿಡಿ. ಅದರಲ್ಲಿರುವ ಸೊಲನಿನ್ ವಿಷ ಬೇಯಿಸಿದರೂ ಹೋಗುವುದಿಲ್ಲ.

ಅತ್ತೆ ಬರುವ ಮೊದಲು ಎರಡು ಭಾನುವಾರ ಕೈಯಲ್ಲಿಟ್ಟುಕೊಳ್ಳಿ. ಮೊದಲನೆಯದಕ್ಕೆ ಬೇಯಿಸಿದ ಆಲೂವಿನದು. ಅದು ನಿಂತರೆ ಎರಡನೆಯದಕ್ಕೆ ತುರಿಂಗಿಯಾದ್ದು, ಸಾಧ್ಯವಾದರೆ ಅಜ್ಜಿಯ ಅಡುಗೆಮನೆಯಲ್ಲೇ. ಬಟ್ಟೆ ಹಿಂಡುವುದಕ್ಕೆ ಅವರಿಗೂ ಈಗ ಇನ್ನೊಂದು ಜೊತೆ ಕೈ ಬೇಕಿರುತ್ತದೆ, ಕೇಳಿ ನೋಡಿ. ಮೂರು ನಾಲ್ಕು ಉಂಡೆ ಜಾಸ್ತಿಯೇ ಮಾಡಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ. ಮಾರನೇ ದಿನ ಬೆರಳು ದಪ್ಪಕ್ಕೆ ಬಿಲ್ಲೆ ಹೆಚ್ಚಿ, ಬೆಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿದು, ಮೇಲೆ ಉಪ್ಪು, ಮೆಣಸಿನ ಪುಡಿ ಉದುರಿಸಿ. ಸ್ಕೂಲಿನಿಂದ ಬಂದ ಮಗಳಿಗೆ ಬಿಸಿ ಬಿಸಿಯಾಗಿ ಕೊಡಿ.